ಜಾಗ ಬಿಟ್ಟ ಸೊನ್ನೆ

ಸೋಮವಾರ ಬೆಳಿಗ್ಗೆ ಮೊದಲ ಸೆನ್ಸರನ್ನು ಫರ್ನೇಸಿನೊಳಗೆ ಇಟ್ಟೆ. ಅದರ ಕಡ್ಡಿಯನ್ನು ಸರಿಯಾಗಿ ನಡುವಿಗೆ ತಂದು, ಎರಡೂ ಕಡೆ ಬೋಲ್ಟ್ ಬಿಗಿದು, ಮೀಟರಿನಲ್ಲಿ ಸೊನ್ನೆ ಕಾಣುವುದನ್ನು ನೋಡಿ ಬಾಗಿಲು ಮುಚ್ಚಿದೆ. ಬಿಗಿದ ಕಡ್ಡಿ ಅಲ್ಲಾಡುವಂತಿಲ್ಲ. ಹಾಗಾಗಿ ಬಿಸಿ ಎಷ್ಟೇ ಏರಿದರೂ ಸೊನ್ನೆ ಸೊನ್ನೆಯಾಗಿಯೇ ನಿಲ್ಲಬೇಕು. ನೂರೈವತ್ತು ಡಿಗ್ರಿಯವರೆಗೆ ನಿಂತಿತ್ತು. ಇನ್ನೂರು ದಾಟಿದ ಮೇಲೆ ಕೊನೆಯ ಅಂಕಿ ಬದಲಾಯಿತು, ಆಮೇಲೆ ಅದರ ಪಕ್ಕದ್ದು. ಮುನ್ನೂರರ ಹೊತ್ತಿಗೆ, ಕೂದಲೆಳೆಯಷ್ಟೂ ಸರಿಯದ ಕಡ್ಡಿ ಒಂದೂವರೆ ಮಿಲಿಮೀಟರ್ ಸರಿದಿದೆ ಎಂದು ಮೀಟರು ಹೇಳುತ್ತಿತ್ತು.

"ಏನಮ್ಮ, ಹೇಗಿದೆ?" ಮಾಲೀಕರು ಬಾಗಿಲಲ್ಲೇ ನಿಂತು ಕೇಳಿದರು.

"ಓಡಾಡ್ತಿದೆ ಸರ್."

"ಯಾವುದು?"

"ಸೊನ್ನೆ."

ಅವರು ಒಳಗೆ ಬಂದು, ಕನ್ನಡಕ ಹಣೆಗೇರಿಸಿ ಮೀಟರನ್ನು ನೋಡಿದರು. ಆಮೇಲೆ ಆಫೀಸಿಗೆ ವಾಪಸ್ ಹೋದರು. ಆವತ್ತಿನ ಡೈರಿಯಲ್ಲಿ ಮೊದಲನೆಯ ಸಂಖ್ಯೆಯ ಮುಂದೆ ಒಂದು ತಪ್ಪು ಗುರುತು ಹಾಕಿದೆ. ದಿನಕ್ಕೊಂದು ಪುಟ ಬರೆಯುವುದು, ವಾರದ ಕೊನೆಗೆ ಸರಿ ಎಷ್ಟು, ತಪ್ಪು ಎಷ್ಟು ಎಂದು ಕೂಡುವುದು ನನಗೆ ಕಾಲೇಜಿನ ದಿನಗಳಿಂದ ಬಂದ ಚಟ.

ನಾವು ಮಾಡುವ ಸೆನ್ಸರ್ ಏನು ಎಂದು ಹೇಳಿಬಿಡುತ್ತೇನೆ. ವಿದ್ಯುತ್ ಸ್ಥಾವರದಲ್ಲಿ ಟರ್ಬೈನಿಗೆ ಹೋಗುವ ಉಗಿಯನ್ನು ಒಂದು ವಾಲ್ವ್ ಹಿಡಿದು ಬಿಡುತ್ತದೆ. ಆ ವಾಲ್ವ್ ಎಷ್ಟು ತೆರೆದಿದೆ ಎಂದು ಕಂಟ್ರೋಲ್ ರೂಮಿಗೆ ತಿಳಿಸುವುದು ಈ ಸೆನ್ಸರಿನ ಕೆಲಸ. ಒಂದು ಸಣ್ಣ ಸ್ಟೀಲ್ ಕೊಳವೆ, ಅದರ ಹೊರಗೆ ಸಾಲಾಗಿ ಮೂರು ಕಾಯಿಲ್, ಕೊಳವೆಯೊಳಗೆ ಓಡಾಡುವ ಒಂದು ಲೋಹದ ತುಂಡು. ತುಂಡಿಗೆ ಕಡ್ಡಿ, ಕಡ್ಡಿಗೆ ವಾಲ್ವ್. ನಡುವಿನ ಕಾಯಿಲಿಗೆ ಕರೆಂಟ್ ಕೊಟ್ಟರೆ ಅಕ್ಕಪಕ್ಕದ ಎರಡರಲ್ಲೂ ವೋಲ್ಟೇಜ್ ಹುಟ್ಟುತ್ತದೆ. ತುಂಡು ಸರಿಯಾಗಿ ನಡುವೆ ಇದ್ದರೆ ಎರಡೂ ಸಮ; ಒಂದರಿಂದ ಒಂದನ್ನು ಕಳೆದರೆ ಸೊನ್ನೆ. ಆ ಕಡೆ ಸರಿದರೆ ಆ ಕಡೆಯದು ಹೆಚ್ಚುತ್ತದೆ. ಎಲ್ಲೂ ಒಂದಕ್ಕೊಂದು ತಾಗುವುದಿಲ್ಲ, ಆದ್ದರಿಂದ ಸವೆಯುವುದೂ ಇಲ್ಲ. ಆದರೆ ಕೊಳವೆಯ ಒಳಗೆ ಇನ್ನೂರು ಬಾರ್ ಒತ್ತಡ, ಅಂದರೆ ಕಾರಿನ ಟೈರಿನೊಳಗೆ ಇರುವುದರ ಸುಮಾರು ನೂರು ಪಟ್ಟು. ಸುತ್ತಲೂ ಮುನ್ನೂರೈವತ್ತು ಡಿಗ್ರಿ ಬಿಸಿ. ಅಂಥ ಜಾಗದಲ್ಲಿ ಕೂತು, ಮುಚ್ಚಿದ ವಾಲ್ವನ್ನು ತೆರೆದಿದೆ ಎಂದು ಸೆನ್ಸರ್ ಸುಳ್ಳು ಹೇಳಿದರೆ ಏನಾಗಬಹುದೆಂದು ನಾನು ವಿವರಿಸಬೇಕಿಲ್ಲ.

ನಮ್ಮ ಶೆಡ್ಡು ಕೆ.ಆರ್. ಪುರದಲ್ಲಿ, ರೈಲ್ವೆ ಹಳಿಯ ಆಚೆ. ಮಾಲೀಕರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಅದು ನಿಂತಿದೆ. ಮಾಲೀಕರು ಇಂಜಿನಿಯರಿಂಗ್ ಓದಿ, ಸುತ್ತಲಿನ ಹೊಲಗಳೆಲ್ಲ ಲೇಔಟ್ ಆಗುತ್ತಿದ್ದಾಗ ತಮ್ಮ ಪಾಲಿನ ತುಂಡಿನಲ್ಲಿ ಕಾರ್ಖಾನೆ ಕಟ್ಟಿದವರು. ಇಷ್ಟು ವರ್ಷ ಮಾಮೂಲಿ ಬಿಸಿಯ, ಪ್ಲಾಸ್ಟಿಕ್ ವೈರಿನ ಸೆನ್ಸರುಗಳನ್ನೇ ಮಾಡುತ್ತಿದ್ದೆವು. ಉಗಿಯ ವಾಲ್ವಿಗೆ ಮಾಡಿದ್ದು ಇದೇ ಮೊದಲು. ಒಂದು ವಾಲ್ವ್ ಕಂಪನಿ ನಮ್ಮ ಮಾದರಿ ಸೆನ್ಸರನ್ನು ಒಪ್ಪಿ ಹನ್ನೆರಡಕ್ಕೆ ಆರ್ಡರ್ ಕೊಟ್ಟಿತ್ತು. ಮಾದರಿಯ ಸೊನ್ನೆ ಮುನ್ನೂರೈವತ್ತರಲ್ಲೂ ಕದಲಿರಲಿಲ್ಲ.

ಮಾದರಿಗೂ ಈ ಹನ್ನೆರಡಕ್ಕೂ ನಮಗೆ ಗೊತ್ತಿದ್ದ ವ್ಯತ್ಯಾಸ ಒಂದೇ. ಮಾದರಿಯ ಕೊಳವೆಯನ್ನು ಪೀಣ್ಯದ ಒಂದು ಲೇಸರ್ ಅಂಗಡಿಯಲ್ಲಿ ವೆಲ್ಡ್ ಮಾಡಿಸಿದ್ದೆವು. ಈ ಹನ್ನೆರಡನ್ನು ವೆಲ್ಡ್ ಮಾಡಿದ್ದು ನಮ್ಮ ಭಾಯ್.

ಭಾಯ್ ಶಿವಾಜಿನಗರದವರು, ವಯಸ್ಸು ಐವತ್ತು ದಾಟಿದೆ. ಶೆಡ್ಡು ಶುರುವಾದಾಗಿನಿಂದ ಸ್ಟ್ಯಾಂಡು, ಬ್ರ್ಯಾಕೆಟ್ಟು, ಪೆಟ್ಟಿಗೆ ಮಾಡಿಕೊಂಡು ಬಂದವರು. ಕೊಳವೆಗಳು ಪೀಣ್ಯಕ್ಕೆ ಹೋಗುವುದನ್ನು ನೋಡಿ, "ಸರ್, ಒಂದು ಒಳ್ಳೆ ಆರ್ಗಾನ್ ಮಷೀನ್ ತೆಗೆಸ್ಕೊಡಿ, ಇಲ್ಲೇ ಮಾಡ್ತೀನಿ" ಎಂದು ಹಟ ಹಿಡಿದಿದ್ದರು. ಮಷೀನ್ ಬಂತು. ಬೇಸಿಗೆಯೆಲ್ಲ ಅವರು ತುಂಡು ಕೊಳವೆಗಳ ಮೇಲೆ ಕೈ ಪಳಗಿಸಿಕೊಂಡರು. ಮೂಲೆಯಲ್ಲಿ ಅವರಿಗೆಂದೇ ಬೆಂಚು ಹಾಕಿ, ಗಾಳಿ ಬೀಸದ ಹಾಗೆ ಪರದೆ ಕಟ್ಟಿದ್ದೆವು. ಆ ಬೆಂಚಿನ ಮೇಲೆ ಬೇರೆ ಯಾರಾದರೂ ಟೀ ಲೋಟ ಇಟ್ಟರೆ ಅವರ ಮುಖ ಸಪ್ಪಗಾಗುತ್ತಿತ್ತು.

ಮಂಗಳವಾರ ಎರಡನೆಯದು, ಬುಧವಾರ ಮೂರನೆಯದು, ಗುರುವಾರ ನಾಲ್ಕನೆಯದು. ನಿಧಾನವಾಗಿ ಬಿಸಿ ಮಾಡಿ ನಿಧಾನವಾಗಿ ಆರಿಸಬೇಕಾದ್ದರಿಂದ ದಿನಕ್ಕೆ ಒಂದೇ ಆಗುತ್ತಿತ್ತು. ವಾರದ ಲೆಕ್ಕ: ನಾಲ್ಕಕ್ಕೆ ನಾಲ್ಕೂ ತಪ್ಪು. ಪ್ರತಿಯೊಂದರ ಸೊನ್ನೆಯೂ ತನ್ನದೇ ದಾರಿ ಹಿಡಿದಿತ್ತು. ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಬೇಗ, ಒಂದು ತಡವಾಗಿ. ಬಿಸಿಯಲ್ಲೇ ಮೆಗ್ಗರ್ ಹಚ್ಚಿ ನೋಡಿದೆ. ಒಳಗಿನ ತಂತಿಗೂ ಹೊರಗಿನ ಸ್ಟೀಲಿಗೂ ನಡುವೆ ಕರೆಂಟ್ ಸೋರುತ್ತಿದೆಯೇ ಎಂದು ತಿಳಿಸುವ ಮೀಟರು ಅದು. ನಾಲ್ಕರಲ್ಲೂ ಸೋರುತ್ತಿತ್ತು. ಒಣಗಿರಬೇಕಾದ ಒಳಭಾಗದಲ್ಲಿ ಹೀಗೆ ಸೋರಿದರೆ ಕಾರಣ ಹೆಚ್ಚಾಗಿ ಒಂದೇ, ನೀರು.

ನೀರು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಕೈಯಳತೆಯಲ್ಲೇ ಇತ್ತು. ಬಿಸಿಗೆ ಹಾಕುವ ಮೊದಲು ಪ್ರತಿ ಸೆನ್ಸರಿನ ಕೊಳವೆಗೂ ನೀರು ತುಂಬಿ, ಪಂಪಿನಿಂದ ಮುನ್ನೂರು ಬಾರ್‌ಗೆ ಏರಿಸಿ ಅರ್ಧ ಗಂಟೆ ಹಿಡಿಯುತ್ತೇವೆ. ಒತ್ತಡದ ಮೀಟರಿನ ಮುಳ್ಳು ಇಳಿಯಬಾರದು. ಯಾವುದರಲ್ಲೂ ಇಳಿದಿರಲಿಲ್ಲ. ಆದರೂ ಮುಳ್ಳಿಗೆ ಗೊತ್ತಾಗದಷ್ಟು ಸಣ್ಣ ತೂತು ವೆಲ್ಡಿನಲ್ಲಿದ್ದರೆ, ಒಂದು ಹನಿ ಕಾಯಿಲ್ ಕಡೆಗೆ ನುಸುಳಿದರೂ ಸಾಕು.

ಶುಕ್ರವಾರ ಎಲ್ಲರೂ ಭಾಯ್ ಬೆಂಚಿನ ಸುತ್ತ ನಿಂತೆವು. ಜಾಯಿಂಟಿಗೆ ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದೆ. ಎಲ್ಲಾದರೂ ಬಿರುಕಿದ್ದರೆ ಒಳಗೆ ಕೂತ ಕೆಂಪು ಗೆರೆಯಾಗಿ ಎದ್ದು ಬರಬೇಕು. ಹತ್ತು ನಿಮಿಷ ಕಾದೆವು. ಬಿಳಿ ಬಿಳಿಯಾಗಿಯೇ ಇತ್ತು.

"ನೋಡಿದ್ರಾ ಸರ್? ನನ್ ಜಾಯಿಂಟಲ್ಲಿ ನೀರು ಹೋಗಲ್ಲ, ಗಾಳಿ ಹೋಗಲ್ಲ, ನಮ್ ಮನೆಯವ್ಳು ಬೈದ್ರೂ ಹೋಗಲ್ಲ."

"ಕಣ್ಣಿಗೆ ಕಾಣದಷ್ಟು ಸಣ್ಣದಿದ್ರೆ ಭಾಯ್?" ಮಾಲೀಕರು ಮೆಲ್ಲಗೆ ಕೇಳಿದರು. "ಪೀಣ್ಯದ್ದು ನಿಂತಿತ್ತು. ಇದು ನಿಲ್ತಿಲ್ಲ."

ಭಾಯ್ ನಗು ಅಲ್ಲಿಗೆ ನಿಂತಿತು. "ಎರಡು ಪೀಸ್ ಕೊಡಿ. ಮೇಲೆ ಇನ್ನೊಂದು ಸುತ್ತು ಹೊಡೀತೀನಿ."

"ಕಾಯಿಲ್ ಹತ್ರ ಬಿಸಿ ತಾಗಿಸ್ಬೇಡಿ ಭಾಯ್. ಸುಟ್ರೆ ನಾನ್ ಮತ್ತೆ ಸುತ್ತಲ್ಲ, ಈಗ್ಲೇ ಹೇಳಿರ್ತೀನಿ," ಎಂದರು ವೈಂಡಿಂಗ್ ಅಕ್ಕ. ಕಾಯಿಲ್‌ಗಳನ್ನು ಸುತ್ತುವವರು ಅವರು. ಪಿಂಗಾಣಿ ಲೇಪದ ತಂತಿ ಸ್ವಲ್ಪ ಜೋರಾಗಿ ಬಾಗಿದರೂ ಲೇಪ ಉದುರುತ್ತದೆ. ಒಂದು ಸೆನ್ಸರಿನ ಮೂರು ಕಾಯಿಲ್ ಸುತ್ತಿ ಮುಗಿಸಲು ಅವರಿಗೆ ಎರಡು ದಿನ ಬೇಕು.

ಭಾಯ್ ಒದ್ದೆ ಬಟ್ಟೆ ಸುತ್ತಿ, ಉಸಿರು ಬಿಗಿಹಿಡಿದು ಎರಡನ್ನೂ ಮತ್ತೆ ವೆಲ್ಡ್ ಮಾಡಿದರು. ಮುಂದಿನ ಸೋಮವಾರ ಒಂದು, ಮಂಗಳವಾರ ಇನ್ನೊಂದು. ಎರಡೂ ಸೊನ್ನೆಗಳು ನಡೆದವು.

ಮಾಲೀಕರು ನನ್ನನ್ನು ಆಫೀಸಿಗೆ ಕರೆದರು. ವಾಲ್ವ್ ಕಂಪನಿಯ ಇನ್‌ಸ್ಪೆಕ್ಟರ್ ತಿಂಗಳ ಕೊನೆಯ ವಾರ ಬರುವವರಿದ್ದರು.

"ಶುಕ್ರವಾರ ಪೀಣ್ಯಕ್ಕೆ ಫೋನ್ ಮಾಡ್ತೀನಮ್ಮ. ಕೊಳವೆ ಎಲ್ಲಾ ಬಿಚ್ಚಿ ಅಲ್ಲಿಗೇ ಕಳಿಸೋಣ. ವೆಲ್ಡ್ ಸರಿಯಿಲ್ಲ ಅಂತ ನೀನು ರಿಪೋರ್ಟ್ ಬರೆದಿಡು."

"ಭಾಯ್ ಸರ್?"

"ಬ್ರ್ಯಾಕೆಟ್ ಕೆಲ್ಸ ಇದ್ದೇ ಇದೆ. ಮಷೀನ್ ವಾಪಸ್ ತಗೋತಾರಾ ಕೇಳ್ತೀನಿ." ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ಬೇಡದ ಕೆಲಸ ಮಾಡುವಾಗ ಅವರು ಹಾಗೆಯೇ, ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸುತ್ತಾ ಕೂರುತ್ತಾರೆ.

ರಿಪೋರ್ಟ್ ಬರೆಯಲು ಕೂತೆ. ಮೊದಲ ವಾಕ್ಯ ಬರೆದೆ, ಎರಡನೆಯದು ಬರಲಿಲ್ಲ. ವೆಲ್ಡಿನಲ್ಲಿ ತೂತು ಇದೆ ಎಂದು ನಾನು ನೋಡಿರಲಿಲ್ಲ. ನೀರು ಇದೆ ಎಂದಷ್ಟೇ ನೋಡಿದ್ದೆ. ಮಿಕ್ಕದ್ದು ಊಹೆ.

ಆ ಸಂಜೆ ಅಕ್ಕನೂ ನಾನೂ ಮೆಟ್ರೊ ಹತ್ತಿದೆವು. ಇಬ್ಬರದೂ ಹಲಸೂರು. ಅವರ ಮನೆಮಾತು ತಮಿಳು. ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಮಾತ್ರ ತಮಿಳು. ಹೊರಗೆ ಮಧ್ಯಾಹ್ನದಿಂದ ಜಿಟಿಜಿಟಿ ಮಳೆ. ಬೆನ್ನಿಗಾನಹಳ್ಳಿ ದಾಟುವಾಗ ಅಕ್ಕ ಇದ್ದಕ್ಕಿದ್ದಂತೆ ಸೀರೆ ಕೊಡವಿಕೊಂಡು ಎದ್ದು ನಿಂತರು.

"ಎನ್ನಮ್ಮಾ ಇದು! ನಿನ್ ಕೊಡೆ ನೀರೆಲ್ಲಾ ನನ್ ಮಡಿಲಿಗೆ!"

"ಅಕ್ಕ, ನಾನು ಇವತ್ತು ಕೊಡೆ ಬಿಚ್ಚೇ ಇಲ್ಲ. ಶೆಡ್ಡಿಂದ ಸ್ಟೇಷನ್‌ವರೆಗೂ ನಿಮ್ ಕೊಡೇಲೇ ಬಂದ್ನಲ್ಲ."

ಒಣಗಿದ ಕೊಡೆಯನ್ನು ಬ್ಯಾಗಿನಿಂದ ತೆಗೆದು ತೋರಿಸಿದೆ. ಅಕ್ಕ ತಮ್ಮ ಬ್ಯಾಗಿಗೆ ಕೈ ಹಾಕಿದರು. ಮಧ್ಯಾಹ್ನದ ರಸಂ ಉಳಿದಿದ್ದ ಡಬ್ಬಿಯ ಮುಚ್ಚಳ ಸಡಿಲಾಗಿತ್ತು. ಎದುರಿಗೆ ಕೂತಿದ್ದವರೂ ನಕ್ಕರು. ಅಕ್ಕ ನಗಲಿಲ್ಲ. "ಮಳೆ ಬರ್ತಿದ್ರೆ ಕೊಡೆ ಮೇಲೇ ಅನುಮಾನ ಬರೋದು ಕಣೇ," ಎಂದು ತಮ್ಮನ್ನು ತಾವೇ ಸಮರ್ಥಿಸಿಕೊಂಡರು.

ಇಂದಿರಾನಗರ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಗಟ್ಟಿಯಾಗಿತ್ತು. ಈ ಹನ್ನೆರಡರಲ್ಲಿ ನೀರನ್ನೇ ಕಾಣದ ಸೆನ್ಸರ್ ಯಾವುದಾದರೂ ಇದೆಯೇ? ಇತ್ತು. ಹನ್ನೆರಡನೆಯದು ಅಕ್ಕನ ಬೆಂಚಿನಿಂದ ಎಲ್ಲಕ್ಕಿಂತ ತಡವಾಗಿ ಇಳಿದಿತ್ತು. ಇನ್ನೂ ಪಂಪಿಗೆ ಕಟ್ಟಿರಲಿಲ್ಲ.

ಬುಧವಾರ ಬೆಳಿಗ್ಗೆ ಮಾಲೀಕರು ಬೀಗ ತೆಗೆಯುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿದ್ದೆ.

"ಸರ್, ಹನ್ನೆರಡನೇದನ್ನ ನೀರಿಗೆ ಹಾಕದೆ ನೇರ ಬಿಸಿಗೆ ಹಾಕ್ತೀನಿ. ವೆಲ್ಡಿಂದ ನೀರು ಹೋಗ್ತಿರೋದು ನಿಜ ಆದ್ರೆ ಇದು ನಿಲ್ಲಬೇಕು."

"ಒಪ್ಪಂದದಲ್ಲಿ ಏನಿದೆ? ಮೊದ್ಲು ಒತ್ತಡ, ಆಮೇಲೆ ಬಿಸಿ. ಅವ್ರು ಸಹಿ ಹಾಕಿರೋದು ಆ ಕ್ರಮಕ್ಕೆ."

"ಹೌದು ಸರ್. ಕ್ರಮ ತಪ್ಪಿದ್ರೆ ಇದನ್ನ ಕಳಿಸೋ ಹಾಗಿಲ್ಲ."

"ಹನ್ನೆರಡು ಅಂತ ಒಪ್ಕೊಂಡು ಹನ್ನೊಂದು ಕೊಟ್ರೆ ಏನಮ್ಮ ಹೇಳ್ತಾರೆ?"

"ಈಗ ಕೊಡೋಕೆ ಒಂದೂ ಇಲ್ಲವಲ್ಲ ಸರ್."

ಹೇಳಿದ ಮೇಲೆ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿತು. ಅವರು ಬೀಗದ ಗೊಂಚಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಹಾಕು" ಎಂದರು.

ಸುದ್ದಿ ಐದು ನಿಮಿಷದಲ್ಲಿ ಶೆಡ್ಡಿಗೆಲ್ಲ ಹರಡಿತ್ತು. ನಾನು ಬೋಲ್ಟ್ ಬಿಗಿಯುವಾಗ ಭಾಯ್ ಸ್ಟೂಲ್ ಎಳೆದುಕೊಂಡು ಫರ್ನೇಸಿನ ಮುಂದೆ ಕೂತರು.

"ಬೇಟಾ, ಇದು ಸೊನ್ನೇಲೇ ನಿಂತ್ರೆ ನೀನು ಏನೂ ಬರೀಬೇಡ. ಕೊಳವೆಗಳನ್ನ ನಾನೇ ಹೊತ್ಕೊಂಡು ಪೀಣ್ಯಕ್ಕೆ ಹೋಗ್ತೀನಿ."

ಇಷ್ಟು ದಿನ ಸೊನ್ನೆ ನಿಲ್ಲಲಿ ಎಂದು ಬೇಡಿಕೊಂಡವಳು ಆವತ್ತು ಅದು ನಡೆಯಲಿ ಎಂದು ಕಾಯುತ್ತಿದ್ದೆ. ಟೆಸ್ಟ್ ಮಾಡುವವರು ಯಾವ ಕಡೆಯೂ ವಾಲಬಾರದು ಎಂದು ಕಲಿತದ್ದೆಲ್ಲ ನೆನಪಿತ್ತು. ಹಾಗಾಗಿ ಮೀಟರನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಾ ಕೂತೆ.

ನೂರೈವತ್ತು. ಸೊನ್ನೆ. ಇನ್ನೂರು. ಸೊನ್ನೆ. ಇನ್ನೂರಿಪ್ಪತ್ತು. ಆಗಲೂ ಸೊನ್ನೆ. ಹಿಂದಿನವೆಲ್ಲ ಈ ಹೊತ್ತಿಗೆ ಹೊರಟಿದ್ದವು. ಭಾಯ್ ಎದ್ದು, ಮಂಡಿ ಸವರಿಕೊಂಡು, "ಟೀ ಕುಡ್ಕೊಂಡ್ ಬರ್ತೀನಿ" ಎಂದು ಹೊರಟರು. ಅವರು ಟೀ ಅಂಗಡಿಯ ಕಡೆ ತಿರುಗದೆ, ತಮ್ಮ ಬೆಂಚಿನ ಹತ್ತಿರ ಹೋಗಿ ವೆಲ್ಡಿಂಗ್ ಟಾರ್ಚಿನ ಪೈಪನ್ನು ಸುರುಳಿ ಸುತ್ತತೊಡಗಿದ್ದು ಪರದೆಯ ಸಂದಿಯಲ್ಲಿ ಕಾಣಿಸುತ್ತಿತ್ತು.

ಇನ್ನೂರೈವತ್ತರ ಹತ್ತಿರ ಕೊನೆಯ ಅಂಕಿ ಬದಲಾಯಿತು. ಒಂದು. ಮೂರು. ಒಂಬತ್ತು. ಪಕ್ಕದ ಅಂಕಿ.

"ಭಾಯ್! ನಡೀತಿದೆ! ಬನ್ನಿ ಭಾಯ್, ನಡೀತಿದೆ!"

ಅಕ್ಕ ಕೈಯಲ್ಲಿದ್ದ ಬಾಬಿನ್ ಹಾಗೆಯೇ ಹಿಡಿದು ಓಡಿ ಬಂದರು. ಭಾಯ್ ಮೀಟರಿನ ಮುಂದೆ ಬಗ್ಗಿ, ಅಂಕಿ ಏರುವುದನ್ನು ಪರೀಕ್ಷೆಯ ಫಲಿತಾಂಶ ನೋಡುವವರ ಹಾಗೆ ನೋಡಿದರು. "ಹೋಗು, ಹೋಗು, ಇನ್ನೂ ಹೋಗು," ಎಂದು ಅದನ್ನು ಹುರಿದುಂಬಿಸಿದರು.

ಗದ್ದಲ ಕೇಳಿ ಬಂದ ಮಾಲೀಕರು ನಮ್ಮ ಮೂವರನ್ನೂ ನೋಡಿದರು. "ಹನ್ನೆರಡಕ್ಕೆ ಹನ್ನೆರಡೂ ಕೆಟ್ಟೋಯ್ತು ಅಂತ ಕುಣೀತಿದೀರಲ್ರೀ, ನಿಮಗೇನಾದ್ರೂ ಬುದ್ಧಿ ಇದ್ಯಾ?" ಎಂದವರೇ ತಾವೂ ನಕ್ಕುಬಿಟ್ಟರು. ಪೀಣ್ಯದ ಮಾತು ಮತ್ತೆ ಬರಲಿಲ್ಲ.

ಆದರೆ ನೀರು ಎಲ್ಲಿಂದ ಬಂತು ಎಂಬುದು ಹಾಗೆಯೇ ಉಳಿದಿತ್ತು. ಗುರುವಾರ ಹನ್ನೆರಡನೆಯದರ ಕಾಯಿಲ್‌ಗಳಿಂದ ಹೊರಗೆ ಹೋಗುವ ಕೇಬಲ್ಲನ್ನು ಅವುಗಳ ಹತ್ತಿರವೇ ಕತ್ತರಿಸಿ ಎರಡನ್ನೂ ಬೇರೆಬೇರೆಯಾಗಿ ಅಳೆದೆ. ಕಾಯಿಲ್ ಕಡೆ ಸೋರಿಕೆ ಇಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ದೊಡ್ಡ ಉಸಿರು ಬಿಟ್ಟರು. ಸೋರುತ್ತಿದ್ದದ್ದು ಕೇಬಲ್.

ಈ ಕೇಬಲ್ ಮಾಮೂಲಿ ವೈರಿನಂತಲ್ಲ. ಪೆನ್ಸಿಲ್‌ಗಿಂತ ತೆಳ್ಳಗಿನ ಸ್ಟೀಲ್ ಕೊಳವೆ, ಅದರೊಳಗೆ ತಾಮ್ರದ ತಂತಿಗಳು, ತಂತಿಗಳ ಸುತ್ತ ಒತ್ತಿ ತುಂಬಿದ ಬಿಳಿ ಮೆಗ್ನೀಷಿಯಾ ಪುಡಿ. ಎಷ್ಟು ಬಿಸಿಯನ್ನಾದರೂ ತಡೆಯುತ್ತದೆ. ದೋಷ ಒಂದೇ, ಕತ್ತರಿಸಿದ ತುದಿ ತೆರೆದಿದ್ದರೆ ಆ ಪುಡಿ ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತದೆ. ಇದು ನಮಗೆ ಹೊಸ ವಿಷಯವಲ್ಲ. ಅದಕ್ಕೇ ಕತ್ತರಿಸಿದ ತುಂಡುಗಳನ್ನು ನೂರೈವತ್ತು ಡಿಗ್ರಿಯ ಓವನ್ನಿನಲ್ಲೇ ಇಟ್ಟಿರುತ್ತೇವೆ. ಹೊರಗೆ ತೆಗೆದರೆ ಒಂದು ಗಂಟೆಯೊಳಗೆ ಜೋಡಿಸಿ ತುದಿ ಮುಚ್ಚುತ್ತೇವೆ. ಹಗಲು ರಾತ್ರಿ ಓವನ್ ಉರಿಯುತ್ತಲೇ ಇರುತ್ತದೆ. ಕೇಬಲ್ಲಿನ ಮೇಲೆ ಯಾರಿಗೂ ಅನುಮಾನ ಬಾರದಿದ್ದದ್ದು ಅದಕ್ಕೇ.

ಓವನ್ನಿನಿಂದ ಉಳಿಕೆಯ ಒಂದು ತುಂಡು ತಂದೆ. ಭಾಯ್ ಗ್ಯಾಸ್ ಟಾರ್ಚ್ ಹಚ್ಚಿ ಮಧ್ಯದಿಂದ ತುದಿಯ ಕಡೆಗೆ ಉರಿಯನ್ನು ನಿಧಾನವಾಗಿ ಸರಿಸಿದರು. ತೆರೆದ ತುದಿಗೆ ಎದುರಾಗಿ ಅಕ್ಕನ ಡಬ್ಬಿಯ ಸ್ಟೀಲ್ ಮುಚ್ಚಳ ಹಿಡಿದೆ. ಸ್ವಲ್ಪ ಹೊತ್ತಿಗೆ ಹೊಳೆಯುವ ಮುಚ್ಚಳದ ನಡುವೆ ಒಂದು ರೂಪಾಯಿಯಗಲ ಮಬ್ಬು ಮೂಡಿತು. ಬೆರಳಿಂದ ಒರೆಸಿದೆ. ಒದ್ದೆ.

"ನನ್ ರಸಂ ಅಲ್ಲ ತಾನೇ?" ಎಂದರು ಅಕ್ಕ.

ಹಗಲು ರಾತ್ರಿ ಬಿಸಿಯಲ್ಲಿದ್ದ ಕೇಬಲ್ ನೀರು ಕುಡಿದದ್ದು ಯಾವಾಗ? ಓವನ್ನಿನ ಮೂರೂ ತಟ್ಟೆಗಳನ್ನು ಹೊರಗೆಳೆದು ನೋಡಿದೆ. ಥರ್ಮಾಮೀಟರ್ ಸರಿಯಾಗಿತ್ತು, ಬಾಗಿಲಿನ ರಬ್ಬರ್ ಸರಿಯಾಗಿತ್ತು. ಕೆಳಗಿನ ತಟ್ಟೆಯ ಮೂಲೆಯಲ್ಲಿ, ಕೇಬಲ್ಲುಗಳ ಹಿಂದೆ, ಕಂದುಬಣ್ಣಕ್ಕೆ ತಿರುಗಿದ ಒಂದು ಸಣ್ಣ ಮುದ್ದೆ ಬಿದ್ದಿತ್ತು. ಎತ್ತಿದರೆ ಪುಡಿಯಾಯಿತು. ಚೆಂಡುಹೂವು.

"ಇದನ್ನ ಇಲ್ಲಿ ಯಾರು ಇಟ್ಟಿದ್ದು?"

"ನಾನೇ," ಎಂದರು ಅಕ್ಕ. "ಆಯುಧ ಪೂಜೆ ದಿನ ಎಲ್ಲಾದಕ್ಕೂ ಒಂದೊಂದು ಹೂವು ಇಟ್ನಲ್ಲ. ಇದರೊಳಗೂ ಇಟ್ಟೆ."

"ಬಿಸಿ ಓವನ್ ಒಳಗೆ ಕೈ ಹಾಕಿ ಇಟ್ರಾ ಅಕ್ಕ?"

"ಬಿಸಿ ಎಲ್ಲಿತ್ತು? ಸರ್ ಮೇನ್ ಆಫ್ ಮಾಡಿದ್ರಲ್ಲ."

ನಮಗೆ ಗೊತ್ತಿಲ್ಲದೆಯೇ ನಾವು ಮೂವರೂ ಬಾಗಿಲಲ್ಲಿ ನಿಂತಿದ್ದ ಮಾಲೀಕರ ಕಡೆ ತಿರುಗಿದ್ದೆವು.

ಪ್ರತಿ ವರ್ಷ ಆಯುಧ ಪೂಜೆಯ ದಿನ ನಮ್ಮ ಶೆಡ್ಡಿನ ಕ್ರಮ ಒಂದೇ. ಬೆಳಿಗ್ಗೆ ಭಾಯ್ ಶಿವಾಜಿನಗರದ ಮಾರ್ಕೆಟ್ಟಿನಿಂದ ಎರಡು ಚೀಲ ಹೂವು ತರುತ್ತಾರೆ. ಎಲ್ಲ ಯಂತ್ರಗಳನ್ನೂ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕುತ್ತೇವೆ. ಅದಕ್ಕೂ ಮೊದಲು ಮಾಲೀಕರು ಸ್ನಾನ ಮಾಡಿ ಬಂದು, ಕೈಮುಗಿದು, ಮೇನ್ ಸ್ವಿಚ್ಚನ್ನು ತಮ್ಮ ಕೈಯಾರೆ ಇಳಿಸುತ್ತಾರೆ. ಅವರ ತಂದೆ ಇದೇ ನೆಲದಲ್ಲಿ ನೇಗಿಲನ್ನು ತೊಳೆದು ಗೋಡೆಗೊರಗಿಸಿ, ಎತ್ತುಗಳನ್ನು ಬಿಟ್ಟು, ಆ ದಿನ ಯಾವುದಕ್ಕೂ ಕೆಲಸ ಹೇಳುತ್ತಿರಲಿಲ್ಲವಂತೆ. ಮಗ ಯಂತ್ರಗಳಿಗೆ ಅದೇ ರಜೆ ಕೊಡುತ್ತಾ ಬಂದಿದ್ದರು. ಪ್ಲಾಸ್ಟಿಕ್ ವೈರಿನ ಕಾಲದಲ್ಲಿ ಓವನ್ ನಿಂತರೂ ಯಾವ ನಷ್ಟವೂ ಇರಲಿಲ್ಲ. ಆ ವರ್ಷ ಹಬ್ಬದ ಎರಡು ದಿನಕ್ಕೆ ಶನಿವಾರ, ಭಾನುವಾರ ಸೇರಿಕೊಂಡಿದ್ದವು. ನಾಲ್ಕೂ ದಿನ ಮಳೆ. ಆರಿದ ಓವನ್ನಿನೊಳಗೆ ಕೇಬಲ್ಲುಗಳು ಬಾಯಿ ತೆರೆದುಕೊಂಡು ಮಲಗಿದ್ದವು. ಸೋಮವಾರ ಮೇನ್ ಹಾಕಿ, ಓವನ್ ಬಿಸಿಯಾಗಿದೆ ಎಂದು ನೋಡಿ, ಆ ದಿನದಿಂದಲೇ ಅವನ್ನು ಜೋಡಿಸತೊಡಗಿದ್ದೆವು. ತುದಿಯ ತೇವ ಆರಿತ್ತು, ಒಳಗೆ ಇಳಿದದ್ದು ಅಲ್ಲೇ ಇತ್ತು.

ಆ ನಾಲ್ಕು ದಿನಕ್ಕೆ ನನ್ನ ಡೈರಿಯಲ್ಲಿ ಒಂದೇ ಪದವಿತ್ತು: ರಜೆ.

"ಆಫ್ ಮಾಡಿದ್ದು ನಾನೇ," ಎಂದರು ಮಾಲೀಕರು. ಆಮೇಲೆ ಭಾಯ್ ಕಡೆ ತಿರುಗಿ, "ಭಾಯ್, ಬೈಯೋದಿದ್ರೆ ಈಗ್ಲೇ ಬೈದ್ಬಿಡಿ," ಎಂದರು.

"ಬೈಯೋಕೆ ನಂಗೆಲ್ಲಿ ಮುಖ ಇದೆ ಸರ್? ಹೂವು ತಂದಿದ್ದು ನಾನಲ್ವಾ?"

ಶುಕ್ರವಾರದಿಂದ ರಿಪೇರಿ. ಹೊಸ ಕೇಬಲ್ ತರಿಸಲು ಸಮಯವಿರಲಿಲ್ಲ. ಪ್ರತಿ ಸೆನ್ಸರಿನ ಕೇಬಲ್ಲಿನ ಹೊರತುದಿಯ ಮುಚ್ಚಳ ಬಿಚ್ಚಿ, ಸ್ವಲ್ಪ ಕತ್ತರಿಸಿ, ಟಾರ್ಚಿನಿಂದ ತೇವವನ್ನು ಓಡಿಸಿ, ಮೆಗ್ಗರಿನಲ್ಲಿ ನೋಡಿ, ಮತ್ತೆ ಮುಚ್ಚಬೇಕು. ಮೊದಲನೆಯದು ಕೈಕೊಟ್ಟಿತು. ಅರ್ಧ ದಿನ ಉರಿ ಹಿಡಿದರೂ ಸೋರಿಕೆ ಹೆಚ್ಚುತ್ತಲೇ ಹೋಯಿತು. ಉಳಿಕೆ ತುಂಡಿನ ಮೇಲೆ ಸರಿಯಾಗಿ ಮಾಡಿದ್ದನ್ನು ಅವಸರದಲ್ಲಿ ಉಲ್ಟಾ ಮಾಡುತ್ತಿದ್ದೆವು. ಹೊರತುದಿಯಿಂದ ಒಳಗೆ ಬಿಸಿ ಮಾಡಿದರೆ ತೇವ ಇನ್ನೂ ಒಳಕ್ಕೆ ಓಡುತ್ತದೆ. ಸೆನ್ಸರಿನ ಬುಡದಿಂದ ಶುರುಮಾಡಿ, ಬೆರಳಗಲ ಬೆರಳಗಲವಾಗಿ, ಬಾಯಿಯ ಕಡೆಗೆ ಓಡಿಸಿಕೊಂಡು ಬರಬೇಕು. ಮಧ್ಯದಲ್ಲಿ ಉರಿ ತೆಗೆಯಬಾರದು. ಮೂವರೂ ಒಂದು ಲಯಕ್ಕೆ ಬಿದ್ದೆವು. ಭಾಯ್ ಉರಿ ಸರಿಸುತ್ತಿದ್ದರು, ನಾನು ಮೆಗ್ಗರ್ ಓದುತ್ತಿದ್ದೆ, ಮುಳ್ಳು ಸರಿಯಾದ ಕಡೆ ಹೋಗಿ ನಿಂತ ಕೂಡಲೇ ಅಕ್ಕ ತಂತಿಗಳನ್ನು ಪಿಂಗಾಣಿ ಬಿಲ್ಲೆಯ ತೂತುಗಳಿಗೆ ಪೋಣಿಸಿ ಸ್ಟೀಲ್ ಟೋಪಿ ಕೂರಿಸುತ್ತಿದ್ದರು. ಅದರ ಅಂಚನ್ನು ಭಾಯ್ ಆರ್ಗಾನ್‌ನಲ್ಲಿ ಮುಚ್ಚುತ್ತಿದ್ದರು. ಪೀಣ್ಯಕ್ಕೆ ಕಳಿಸಿ ತರುವಷ್ಟು ಹೊತ್ತು ಕೇಬಲ್ ಬಾಯಿ ತೆರೆದುಕೊಂಡಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ವೆಲ್ಡಿಂಗ್ ಬೆಂಚು ಇದೇ ಸೂರಿನಡಿ ಇರಲೇಬೇಕಿತ್ತು. ಇದನ್ನು ಮಾಲೀಕರೇ ಗಮನಿಸಿ ಬಾಯಿಬಿಟ್ಟು ಹೇಳಿದರು. ಭಾಯ್ ಕೇಳಿಸದವರ ಹಾಗೆ ಕನ್ನಡಕ ಒರೆಸಿಕೊಂಡರು.

ಇನ್‌ಸ್ಪೆಕ್ಟರ್ ಬಂದಾಗ ಹನ್ನೊಂದು ಸೆನ್ಸರ್ ಸಾಲಾಗಿ ಇಟ್ಟಿದ್ದೆವು. ಅವರು ಮಾತು ಕಡಿಮೆಯ ಮನುಷ್ಯ. ಎಣಿಸಿದರು, ಮತ್ತೆ ಎಣಿಸಿದರು.

"ಇನ್ನೊಂದು?"

ಮಾಲೀಕರು ನನ್ನ ಕಡೆ ಕೈ ತೋರಿಸಿದರು. ನಾನು ಕೇಬಲ್ ಕತ್ತರಿಸಿದ ಹನ್ನೆರಡನೆಯದನ್ನು ತಂದು ಮೇಜಿನ ಮೇಲಿಟ್ಟು, ಪೂಜೆಯ ದಿನದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಚೆಂಡುಹೂವಿನ ಜಾಗಕ್ಕೆ ಬಂದಾಗ ಅವರ ಮೀಸೆ ಸ್ವಲ್ಪ ಅಲ್ಲಾಡಿತು.

"ನಮ್ಮಲ್ಲೂ ಎಲ್ಲಾ ಆಫ್ ಮಾಡ್ತಾರೆ," ಎಂದಷ್ಟೇ ಹೇಳಿ ಸಾಲಿನಿಂದ ಮೂರನ್ನು ಆರಿಸಿ ಬೇರೆ ಇಟ್ಟರು. ದಿನಕ್ಕೊಂದರಂತೆ ಮೂರು ದಿನವೂ ಬಂದು ಫರ್ನೇಸಿನ ಮುಂದೆ ಕೂತರು. ಮುನ್ನೂರೈವತ್ತರಲ್ಲಿ ಮೊದಲನೆಯ ಸೊನ್ನೆ ನಿಂತಿತು. ಎರಡನೆಯದೂ ನಿಂತಿತು. ಮೂರನೆಯದರ ಸೊನ್ನೆ ನಿಂತರೂ, ಕಡ್ಡಿಯನ್ನು ಓಡಾಡಿಸಿದಾಗ ಒಂದು ಕಡೆ ಉಜ್ಜುತ್ತಿತ್ತು. ಕೊಳವೆ ಸ್ವಲ್ಪ ಬಾಗಿತ್ತು. ಭಾಯ್ ಎರಡು ಸಲ ವೆಲ್ಡ್ ಮಾಡಿದ ಎರಡರಲ್ಲಿ ಅದೊಂದು. ಅದರ ಜೊತೆಯದನ್ನೂ ನಾವೇ ತೆಗೆದಿಟ್ಟೆವು. ಉಳಿದ ಎಲ್ಲವನ್ನೂ ಪರೀಕ್ಷಿಸಿದ ದಾಖಲೆ ಸೇರಿಸಿ ಒಂಬತ್ತು ಸೆನ್ಸರ್ ಕಳಿಸಿದೆವು. ಬಾಕಿ ಮೂರನ್ನು ಹೊಸದಾಗಿ ಮಾಡಿ ಸಂಕ್ರಾಂತಿಯ ಹೊತ್ತಿಗೆ ಕೊಟ್ಟೆವು. ಕೇಬಲ್ ಜೋಡಿಸುವ ಮೊದಲು ಒಣಗಿಸಿ ಅಳೆಯಬೇಕು ಎಂಬ ಸಾಲನ್ನು ಇನ್‌ಸ್ಪೆಕ್ಟರ್ ತಮ್ಮ ಕಂಪನಿಯ ಕ್ರಮಕ್ಕೂ ಸೇರಿಸಿದರು. ಬೇಸಿಗೆ ಮುಗಿಯುವಾಗ ಎರಡನೆಯ ಆರ್ಡರ್ ಬಂತು. ಭಾಯ್ ಬೆಂಚಿಗೆ ಹೊಸ ಪರದೆಯೂ ಬಂತು.

ಈ ವರ್ಷದ ಆಯುಧ ಪೂಜೆಗೆ ಭಾಯ್ ಮೂರು ಚೀಲ ಹೂವು ತಂದಿದ್ದರು. ಮಾಲೀಕರು ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು ಬಂದರು. ಮೇನ್ ಸ್ವಿಚ್ಚಿನ ಮುಂದೆ ನಿಂತು ಕೈಮುಗಿದರು. ಕೈ ಮೇಲೆ ಹೋಯಿತು. ನಾನು ಬಾಯಿ ತೆರೆಯಬೇಕೆಂದುಕೊಂಡೆ. ಅಷ್ಟರಲ್ಲಿ ಅವರೇ ಕೈ ಇಳಿಸಿ ನಮ್ಮ ಕಡೆ ತಿರುಗಿದರು.

"ನಮ್ಮಪ್ಪ ಎತ್ತಿಗೆ ರಜೆ ಕೊಡ್ತಿದ್ರು, ನಿಜ. ನಮ್ಮಮ್ಮ ಒಲೆಗೆ ಯಾವತ್ತು ರಜೆ ಕೊಟ್ಟಿದ್ಲು? ಒಲೆ ಆರಿಸಿದ್ರೆ ಒಬ್ಬಟ್ಟು ಎಲ್ಲಿಂದ ಬರ್ತಿತ್ತು?"

ಲೇತ್, ಡ್ರಿಲ್, ಪಂಪು, ಫರ್ನೇಸು, ಆರ್ಗಾನ್ ಮಷೀನು, ಒಂದೊಂದರ ಹತ್ತಿರವೂ ಹೋಗಿ ಅದರದರ ಸ್ವಿಚ್ಚನ್ನು ಆರಿಸಿದರು. ಶೆಡ್ಡು ಸದ್ದಿಲ್ಲದಂತಾಯಿತು. ಓವನ್ನಿನ ಕೆಂಪು ದೀಪ ಮಾತ್ರ ಉರಿಯುತ್ತಿತ್ತು.

ಅದಕ್ಕೂ ಭಾಯ್ ಹಾರ ಹಾಕಿದರು, ಬಿಸಿ ಹಿಡಿಕೆಗೆ ಬಟ್ಟೆ ಸುತ್ತಿಕೊಂಡು. ಮಂಗಳಾರತಿ ಮುಗಿಯುವಷ್ಟರಲ್ಲಿ ಬಾಗಿಲಿಗೆ ತಾಗಿದ್ದ ಚೆಂಡುಹೂವುಗಳು ಅಂಚಿನಿಂದ ಕಂದಾಗಿ, ಶೆಡ್ಡಿನ ತುಂಬ ಹುರಿದ ಹೂವಿನ ವಾಸನೆ ಹರಡಿತ್ತು.

"ಏನ್ ಭಾಯ್, ಅಷ್ಟು ಚೆನ್ನಾಗಿರೋ ಹಾರ ಬಾಡ್ಸಿಬಿಟ್ರಲ್ಲ," ಎಂದರು ಅಕ್ಕ.

ಭಾಯ್ ಒಂದು ಹೂವನ್ನು ಕಿತ್ತು, ಬೆರಳ ನಡುವೆ ಪುಡಿಮಾಡಿ ನನ್ನ ಅಂಗೈಗೆ ಸುರಿದರು.

"ಬಾಡ್ಲಿ ಬಿಡಕ್ಕ. ಒಣಗಿದ್ಯಾ ಇಲ್ವಾ, ಅದನ್ನ ನೋಡು ಬೇಟಾ."